ಸಾಕ್ಷರತಾ ದಿನ ಸೆಪ್ಟೆಂಬರಿಗೆ, ಪರೀಕ್ಷೆ ಮಾರ್ಚಿಗೆ: ನಡುವೆ ತಾಂಡಾಕ್ಕ ಕೀಲಿ

ಇಂಡಿ: ಸೆಪ್ಟೆಂಬರ್ 8ರ ಸೋಮವಾರ ಅಂತರರಾಷ್ಟ್ರೀಯ ಸಾಕ್ಷರತಾ ದಿನ ಬಂದು ಹೋಯಿತು. ಈ ದಿನದ ಕಾರ್ಯಕ್ರಮ ಹೇಗಿರುತ್ತದೆ ಅನ್ನೋದು ನಮ್ಮ ಜಿಲ್ಲೆಯ ಮಂದಿಗೆ ಬಾಯಿಪಾಠ. ಬ್ಯಾನರ್, ಜಾಥಾ, ದೀಪ ಹಚ್ಚೋದು, ಪ್ರತಿಜ್ಞಾ ವಿಧಿ, ಗಣ್ಯರ ನಾಲ್ಕು ಮಾತು, ಚಹಾ, ಕಡೀಗೆ ಫೋಟೊ. ಜಾಥಾದಲ್ಲಿ ಘೋಷಣೆ ಕೂಗುವವರು ಶಾಲೆ ಮಕ್ಕಳು, ಅಂದರೆ ಆಗಲೇ ಓದು ಬರಹ ಬರುವವರು. ಯಾರ ಸಲುವಾಗಿ ಈ ದಿನ ಐತೋ ಅವರು ಆ ಹೊತ್ತಿಗೆ ತೊಗರಿ ಹೊಲದಾಗ ಕಳೆ ತೆಗೀತಿರ್ತಾರೆ, ಇಲ್ಲಾ ಲಿಂಬಿ ತೋಟದಾಗ ಕಾಯಿ ಆರಿಸ್ತಿರ್ತಾರೆ.

ಇಂಥ ದಿನಗಳಿಗೆ ವರ್ಷದಲ್ಲಿ ಬರ ಇಲ್ಲ. ಮೇ 21 ಸಾಂಸ್ಕೃತಿಕ ವೈವಿಧ್ಯದ ದಿನ, ಡಿಸೆಂಬರ್ 3 ಅಂಗವಿಕಲರ ದಿನ, ಫೆಬ್ರವರಿ 21 ತಾಯ್ನುಡಿ ದಿನ, ಮಾರ್ಚ್ 8 ಮಹಿಳಾ ದಿನ. ಒಂದೊಂದರ ಹಿಂದೆಯೂ ಗಟ್ಟಿ ಕಾರಣ ಇದೆ. ತಾಯ್ನುಡಿ ದಿನವಂತೂ 1952ರಲ್ಲಿ ಢಾಕಾದ ಬೀದಿಯಲ್ಲಿ ಬಂಗಾಳಿ ಭಾಷೆಗಾಗಿ ಪೊಲೀಸರ ಗುಂಡಿಗೆ ಸತ್ತವರ ನೆನಪಿನದು. ಸಾಕ್ಷರತಾ ದಿನವನ್ನು ಯುನೆಸ್ಕೊ ಘೋಷಿಸಿದ್ದು 1966ರಲ್ಲಿ, ಆಚರಣೆ ಶುರುವಾದದ್ದು 1967ರಿಂದ. ದಿನ ಆಚರಿಸಬಾರದು ಅಂತ ಯಾರೂ ಅನ್ನೋದಿಲ್ಲ. ಆದರೆ ಇಂಡಿ ಸುತ್ತಮುತ್ತ ಒಂದು ಪೇಚು ಐತಿ, ಅದರ ಬಗ್ಗೆ ವೇದಿಕೆ ಮೇಲೆ ಮಾತು ಕಡಿಮೆ. ದಿನಾಚರಣೆಯ ಕ್ಯಾಲೆಂಡರಿಗೂ ಇಲ್ಲಿ ದುಡಿಯುವವರ ಕ್ಯಾಲೆಂಡರಿಗೂ ತಾಳ ಕೂಡೋದಿಲ್ಲ.

ದೀಪಾವಳಿ ಪಾಡ್ಯ ಮುಗೀತಿದ್ದಂಗ ಇಂಡಿ, ಚಡಚಣ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ತಾಂಡಾಗಳಿಂದ, ಒಣಬೇಸಾಯದ ಹಳ್ಳಿಗಳಿಂದ ಮಂದಿ ಗಂಟು ಕಟ್ಟುತ್ತಾರೆ. ಕೆಲವರು ಗೋವಾ, ಮುಂಬೈ, ಪುಣೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ. ಬಹಳ ಮಂದಿ ಮಹಾರಾಷ್ಟ್ರದ ಕಬ್ಬಿನ ಫಡಕ್ಕೆ. ಗಂಡ ಹೆಂಡತಿ ಸೇರಿ ಒಂದು ಜೋಡಿ, ಅದಕ್ಕೆ 'ಕೋಯ್ತಾ' ಅಂತ ಲೆಕ್ಕ. ಮುಕಾದಮ ಮಳೆಗಾಲದಲ್ಲೇ ಜೋಡಿಗೆ ಇಷ್ಟು ಅಂತ ಮುಂಗಡ ಕೊಟ್ಟಿರ್ತಾನ. ಕಬ್ಬು ಕಡಿದು, ಹೊರೆ ಕಟ್ಟಿ, ಗಾಡಿಗೆ ಹೇರಿ ಆ ಮುಂಗಡ ಮುಟ್ಟಿಸಬೇಕು. ಎಷ್ಟು ಟನ್ ಆಯ್ತು, ಎಷ್ಟು ಮುರಿದುಕೊಂಡರು, ಎಷ್ಟು ಬಾಕಿ ಉಳೀತು ಅನ್ನೋದೆಲ್ಲ ಮುಕಾದಮನ ವಹಿಯಲ್ಲಿ. ತಿರುಗಿ ಬರೋದು ಹಂಗಾಮು ಮುಗಿದ ಮ್ಯಾಲೆ, ಯುಗಾದಿ ಆಸುಪಾಸು. ಅಲ್ಲಿತನಕ ಮನೆಗೆ ಕೀಲಿ. ಊರಲ್ಲಿ ಉಳಿಯೋರು ಮುದುಕರು, ಮುದುಕರ ಕೈಯಲ್ಲಿ ಬಿಟ್ಟುಹೋದ ಕೆಲವು ಮಕ್ಕಳು.

ಸಾಕ್ಷರತೆ ಅನ್ನೋದು ಭಾಷಣದ ಮಾತಾಗಿ ಉಳಿಯದೆ ಹೊಟ್ಟೆಪಾಡಿನ ಮಾತಾಗೋದು ಈ ವಹಿಯ ಹತ್ತಿರವೇ. ಮುಂಗಡದ ಲೆಕ್ಕ ಓದಲು ಬಂದರೆ ಒಬ್ಬ ಹೆಣ್ಣುಮಗಳು ತಾನು ಕಡಿದ ಟನ್ ಎಷ್ಟು ಅಂತ ತಾನೇ ಗುರುತು ಹಾಕಿಕೊಳ್ಳಬಹುದು. ಬರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ ಬೆಳೆದುಕೊಂಡು ಹೋಗ್ತದ, ಯಾಕೆ ಬೆಳೀತು ಅಂತ ಕೇಳೋಕೂ ಬರೋದಿಲ್ಲ.

ಈಗ ಸರ್ಕಾರದ ಲೆಕ್ಕ ನೋಡೋಣ. ದೇಶದಲ್ಲಿ ಸದ್ಯ ನಡೆದಿರೋದು 'ಉಲ್ಲಾಸ್' ಹೆಸರಿನ ನವಭಾರತ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರವರೆಗೆ ಐದು ವರ್ಷ, 15 ವರ್ಷ ಮೇಲ್ಪಟ್ಟ 5 ಕೋಟಿ ಅನಕ್ಷರಸ್ಥರಿಗೆ ಓದು ಬರಹ ಲೆಕ್ಕ ಕಲಿಸೋದು ಗುರಿ. ಇದಕ್ಕೆ ಇಟ್ಟ ದುಡ್ಡು 1037.90 ಕೋಟಿ ರೂಪಾಯಿ. ಭಾಗಾಕಾರ ಮಾಡಿದರೆ ಒಬ್ಬ ಕಲಿಕಾರ್ಥಿಗೆ ಸುಮಾರು 207 ರೂಪಾಯಿ ಬರ್ತದ. ವರ್ಷಕ್ಕಲ್ಲ, ಒಟ್ಟಾರೆ. ಕಲಿಸುವವರು ಸ್ವಯಂಸೇವಕರು, ಅವರಿಗೆ ಗೌರವಧನ ಇಲ್ಲ. ಇದಕ್ಕೂ ಮೊದಲು 2009ರಿಂದ 2018ರವರೆಗೆ ನಡೆದ ಸಾಕ್ಷರ ಭಾರತದಲ್ಲಿ ಗ್ರಾಮ ಪಂಚಾಯಿತಿಗೆ ಇಬ್ಬರು ಪ್ರೇರಕರು ಇದ್ದರು. ತಿಂಗಳಿಗೆ 2000 ರೂಪಾಯಿ ಗೌರವಧನ. ಅದೇನೂ ದೊಡ್ಡ ರೊಕ್ಕ ಅಲ್ಲ, ಆದರೂ ಊರಲ್ಲಿ 'ಇವರು ಕಲಿಸೋರು' ಅಂತ ಗುರುತು ಇತ್ತು. ಯೋಜನೆ ನಿಂತಿತು, ಗುರುತೂ ಹೋಯಿತು.

ಕಲಿತವರಿಗೆ ಕೊನೆಗೊಂದು ಪರೀಕ್ಷೆ. ಓದು 50, ಬರಹ 50, ಲೆಕ್ಕ 50, ಒಟ್ಟು 150 ಅಂಕ. ದೇಶದ ಮಟ್ಟದಲ್ಲಿ ಈ ಪರೀಕ್ಷೆ 2023ರಲ್ಲಿ ಮಾರ್ಚ್ 19ಕ್ಕೆ, 2024ರಲ್ಲಿ ಮಾರ್ಚ್ 17ಕ್ಕೆ ನಡೆಯಿತು. ದೆಹಲಿಯಲ್ಲಿ ಕೂತವರಿಗೆ ಮಾರ್ಚ್ ಅಂದರೆ ಹಣಕಾಸು ವರ್ಷದ ಕೊನೆ. ಗುರಿ ಮುಟ್ಟಿಸಬೇಕು, ಲೆಕ್ಕ ಒಪ್ಪಿಸಬೇಕು. ಇಂಡಿ ತಾಂಡಾದವರಿಗೆ ಮಾರ್ಚ್ ಅಂದರೆ ಕಬ್ಬಿನ ಕಡೇ ಕಡೇ ಗಾಡಿ. ಸೆಪ್ಟೆಂಬರ್ 8ರ ಹುರುಪಿನಲ್ಲಿ ಹೆಸರು ಹಚ್ಚಿದ ಹೆಣ್ಣುಮಗಳು ಆ ದಿನ ಪರೀಕ್ಷಾ ಕೇಂದ್ರದಿಂದ ಇನ್ನೂರು ಮುನ್ನೂರು ಕಿಲೋಮೀಟರ್ ದೂರ ಇರ್ತಾಳ. ಹಾಗಾದರೆ ಪರೀಕ್ಷೆಗೆ ಕೂತು ಸಾಕ್ಷರರಾಗೋದು ಯಾರು? ಊರಲ್ಲಿ ಉಳಿದವರು. ಅಂದರೆ ವಲಸೆ ಹೋಗದೆ ಬದುಕುವಷ್ಟು ಅನುಕೂಲ ಇದ್ದವರು, ಇಲ್ಲಾ ದುಡಿಯಲಿಕ್ಕೆ ಆಗದಷ್ಟು ವಯಸ್ಸಾದವರು. ಎಲ್ಲಕ್ಕಿಂತ ಜರೂರು ಇದ್ದ ಮಂದಿ ಲೆಕ್ಕದ ಹೊರಗೆ ಉಳಿತಾರೆ. ಇದರಲ್ಲಿ ಯಾವ ಅಧಿಕಾರಿಯ ದುರುದ್ದೇಶವೂ ಬೇಕಿಲ್ಲ, ತಾರೀಖು ಒಂದೇ ಸಾಕು.

2025ರ ಸಾಕ್ಷರತಾ ದಿನದಂದೇ ಹಿಮಾಚಲ ಪ್ರದೇಶ ತಾನು ಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಿಸಿಕೊಂಡಿತು. ಅದಕ್ಕೂ ಮೊದಲು ಲಡಾಖ್, ಮಿಜೋರಾಂ, ಗೋವಾ, ತ್ರಿಪುರಾ. ಶೇ 95 ದಾಟಿದರೆ 'ಪೂರ್ಣ' ಅಂತ ಒಪ್ಪುವ ಮಾನದಂಡ ಇದೆ. ಗೋವಾ ಹೆಸರು ಕೇಳಿದಾಗ ನಮ್ಮ ಭಾಗದವರಿಗೆ ಒಂದು ಅನುಮಾನ ಬರೋದು ಸಹಜ: ಅಲ್ಲಿ ಕಟ್ಟಡಕ್ಕೆ ಇಟ್ಟಂಗಿ ಹೊರುವ ವಿಜಯಪುರ ಜಿಲ್ಲೆಯ ಮಂದಿ ಆ ಲೆಕ್ಕದಾಗ ಎಲ್ಲಿ ಕೂಡ್ತಾರೆ?

ನಮ್ಮ ಜಿಲ್ಲೆಯದು ಇನ್ನೂ 2011ರ ಲೆಕ್ಕ. ಆಗ ಇದು ಬಿಜಾಪುರ ಜಿಲ್ಲೆ. ಸಾಕ್ಷರತೆ ಶೇ 67ರ ಸುಮಾರು, ರಾಜ್ಯದ್ದು ಶೇ 75 ಇದ್ದಾಗ. ಗಂಡಸರಲ್ಲಿ ಶೇ 77, ಹೆಂಗಸರಲ್ಲಿ ಶೇ 57ರ ಹತ್ತಿರ. ಅಂತರ ಇಪ್ಪತ್ತು. 2001ರಲ್ಲಿ ಹೆಂಗಸರ ಸಾಕ್ಷರತೆ ಶೇ 43ರ ಆಸುಪಾಸು ಇತ್ತು, ಹತ್ತು ವರ್ಷದಲ್ಲಿ ಇಷ್ಟು ಏರಿದ್ದು ಸಣ್ಣ ಸಾಧನೆ ಅಲ್ಲ, ಅದನ್ನೂ ಹೇಳಬೇಕು. ಜನಗಣತಿಯಲ್ಲಿ ಸಾಕ್ಷರ ಅಂದರೆ 7 ವರ್ಷ ಮೇಲ್ಪಟ್ಟು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲು ಬರೆಯಲು ಬರುವವರು. ಆದರೆ ಗಣತಿದಾರರು ಪುಸ್ತಕ ಕೊಟ್ಟು ಓದಿಸಿ ನೋಡೋದಿಲ್ಲ. ಮನೆಯವರು ಹೇಳಿದ್ದೇ ಲೆಕ್ಕ. ಸಹಿ ಮಾಡಾಕ ಬರ್ತದ ಅಂದರೆ ಸಾಕ್ಷರ ಅಂತ ಬರೆದುಬಿಡುವುದೂ ಉಂಟು.

2021ರ ಗಣತಿ ನಡೆಯಲಿಲ್ಲ. ಮುಂದಿನದು 2027ಕ್ಕೆ, ಮಾರ್ಚ್ 1 ಆಧಾರ ದಿನ ಅಂತ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ತಲೆ ಎಣಿಕೆ ಫೆಬ್ರವರಿಯಲ್ಲಿ. ಮತ್ತೆ ಅದೇ ತಿಂಗಳು, ಮತ್ತೆ ಅದೇ ಕೀಲಿ ಹಾಕಿದ ಮನೆ. ಎಣಿಕೆಯ ಅವಧಿ ಪೂರ್ತಿ ಊರಲ್ಲಿ ಇಲ್ಲದವರನ್ನು ಅವರು ಇದ್ದಲ್ಲೇ ಎಣಿಸೋದು ಪದ್ಧತಿ. ಅಂದರೆ ಫಡದ ಜೋಪಡಿಯಲ್ಲಿ ಇರುವ ಕುಟುಂಬ ಮಹಾರಾಷ್ಟ್ರದ ಯಾವುದೋ ಹಳ್ಳಿಯ ಲೆಕ್ಕಕ್ಕೆ ಹೋಗ್ತದ. ಅವರ ಊರಿನ ಜನಸಂಖ್ಯೆ ಇಳೀತದ, ಅನಕ್ಷರಸ್ಥರ ಸಂಖ್ಯೆಯೂ ಇಳೀತದ. ಕಾಗದದ ಮೇಲೆ ತಾಲೂಕು ಸುಧಾರಿಸಿದಂತೆ ಕಾಣ್ತದ! ಹೊಸ ಶಾಲೆ, ಅಂಗನವಾಡಿ, ಅನುದಾನ ಬರೋದು ಆ ಕಾಗದ ನೋಡಿಯೇ.

ಇದಕ್ಕೆ ಹೋಲಿಸಿದರೆ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ತಾರೀಖು ಈ ಭಾಗಕ್ಕೆ ಚಲೋ ಬಂದಿತ್ತು. 2025ರ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 7ರವರೆಗೆ, ದಸರಾ ಸೂಟಿಯಲ್ಲಿ, ಶಿಕ್ಷಕರೇ ಮನೆಮನೆಗೆ ಬಂದು 60 ಪ್ರಶ್ನೆ ಕೇಳೋದು ಅಂತ ಮೊದಲು ನಿಗದಿ ಆಗಿತ್ತು. ಸೂಟಿ ಹೋಯಿತಲ್ಲಾ ಅಂತ ಶಿಕ್ಷಕರ ಗೊಣಗಾಟ ಇದ್ದದ್ದೇ. ಆದರೆ ಕಬ್ಬಿನ ಗ್ಯಾಂಗು ಇನ್ನೂ ಊರು ಬಿಡದ ಹೊತ್ತದು. ಯಾರು ಎಷ್ಟು ಓದಿದ್ದಾರೆ, ಯಾರು ಎಲ್ಲಿಗೆ ದುಡಿಯಲು ಹೋಗ್ತಾರೆ ಅನ್ನೋದು ಮನೆಯವರ ಬಾಯಿಂದಲೇ ಸಿಗುವ ಅಪರೂಪದ ಎರಡು ವಾರ. ಅದೇ ಶಿಕ್ಷಕರು, ಅದೇ ಮನೆಗಳು. ಸಾಕ್ಷರತೆಯ ಕಲಿಕಾರ್ಥಿಗಳ ಪಟ್ಟಿ ಬೇಕಾದರೆ ಬೇರೆ ಜಾಥಾ ಬೇಕಿಲ್ಲ.

ಇನ್ನು ಸಾಂಸ್ಕೃತಿಕ ವೈವಿಧ್ಯದ ಮಾತು. ವೇದಿಕೆ ಮೇಲೆ ವೈವಿಧ್ಯ ಅಂದರೆ ಲಂಬಾಣಿ ಉಡುಪು ತೊಟ್ಟ ಹುಡುಗಿಯರ ಕುಣಿತ. ಕನ್ನಡಿ ಹಚ್ಚಿದ ಕಾಂಚಳಿ, ಫೋಟೊಕ್ಕೆ ಚಂದ. ಅದೇ ಹುಡುಗಿಯ ಭಾಷೆ ಮಾತ್ರ ಆ ವೇದಿಕೆಯ ಮೇಲೆ ಯಾರ ಬಾಯಲ್ಲೂ ಬರೋದಿಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತನ್ನ ತಾಯ್ನುಡಿ ಅಂತ ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಆ 32 ಲಕ್ಷವನ್ನೂ ಗಣತಿ ಇಲಾಖೆ ಹಿಂದಿ ಅನ್ನೋ ತಲೆಬರಹದ ಕೆಳಗೆ ಸೇರಿಸಿತು. ಹೀಗಾಗಿ ಇಂಡಿಯ ಒಂದು ತಾಂಡಾದ ಮಗುವಿಗೆ ಮನೆಯಲ್ಲಿ ಗೋರ್‌ಬೋಲಿ, ಶಾಲೆಯಲ್ಲಿ ಕನ್ನಡ, ಫಡದಲ್ಲಿ ಮರಾಠಿ, ಸರ್ಕಾರದ ಲೆಕ್ಕದಲ್ಲಿ ಹಿಂದಿ. ನವೆಂಬರ್‌ನಲ್ಲಿ ಕಾಗುಣಿತ ಅರ್ಧಕ್ಕೆ ಬಿಟ್ಟು ಹೋದ ಮಗು ಏಪ್ರಿಲ್‌ಗೆ ಬಂದಾಗ ಅಕ್ಷರ ಮರೆತಿರ್ತದ. ಆಗ ಶಾಲೆಗೆ ಬೇಸಿಗೆ ಸೂಟಿ ಬಾಗಿಲಲ್ಲೇ ನಿಂತಿರ್ತದ. ಸಮಗ್ರ ಶಿಕ್ಷಣದ ಅಡಿ ವಲಸೆ ಹೋಗುವವರ ಮಕ್ಕಳಿಗೆ ಹಂಗಾಮಿನ ಹಾಸ್ಟೆಲ್ ನಡೆಸಲು ಅವಕಾಶ ಇದೆ. ಮಗು ಊರಲ್ಲೇ ಉಳಿದು ಕಲಿಯಬೇಕಾದರೆ ಅದು ಗ್ಯಾಂಗು ಹೊರಡುವ ಮೊದಲೇ ಬಾಗಿಲು ತೆರೆದಿರಬೇಕು. ಹೊರಟ ಮೇಲೆ ತೆರೆದರೆ ಮಗು ಆಗಲೇ ಲಾರಿ ಹತ್ತಿರ್ತದ.

ಬರೀ ಲಂಬಾಣಿ ಮಾತಲ್ಲ. ಇಂಡಿ ಪೇಟೆಯಲ್ಲಿ ಉರ್ದು, ಭೀಮಾ ದಂಡೆಯ ಊರುಗಳಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಮನೆಯಲ್ಲಿ ನಡೀತಾವೆ. ಗಡಿಯಾಚೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಕನ್ನಡ ಮಾಧ್ಯಮ ಶಾಲೆಗಳಿವೆ, ಕನ್ನಡ ಕಲಿಸುವ ಶಿಕ್ಷಕರಿದ್ದಾರೆ. ಅತ್ತ ಸೊಲ್ಲಾಪುರ ಜಿಲ್ಲೆಯ ಕಾರ್ಖಾನೆಗಳಿಗೆ ಹೋದ ನಮ್ಮ ಮಂದಿಗೆ ಆ ಶಾಲೆಗಳು ದೂರವೇನಲ್ಲ. ಗಡಿ ಅಂದರೆ ಜಗಳದ ಸುದ್ದಿ ಅಂತಲೇ ಆಗಿರುವಾಗ ಇಂಥ ಕೂಡುಕೆಲಸದ ಬಗ್ಗೆ ಎರಡೂ ಜಿಲ್ಲಾಡಳಿತಗಳು ಕೂತು ಮಾತಾಡಿದರೆ ಅದೇ ದೊಡ್ಡ ಸುದ್ದಿ ಆದೀತು.

2025ರಲ್ಲಿ ಯುನೆಸ್ಕೊ ಸಾಕ್ಷರತಾ ದಿನಕ್ಕೆ ಕೊಟ್ಟ ವಿಷಯ ಡಿಜಿಟಲ್ ಯುಗದ ಸಾಕ್ಷರತೆ. ನಮ್ಮ ಕಡೆ ಡಿಜಿಟಲ್ ಯುಗ ಹೆಬ್ಬೆಟ್ಟನ್ನು ಮರಳಿ ತಂದಿದೆ. ರೇಷನ್ ಅಂಗಡಿಯ ಮಷೀನಿಗೆ ಎಂ.ಎ. ಓದಿದವರೂ ಹೆಬ್ಬೆಟ್ಟೇ ಒತ್ತಬೇಕು, ಅದೊಂದು ಸಮಾನತೆ. ಆದರೆ ಗೃಹಲಕ್ಷ್ಮಿಯ 2000 ರೂಪಾಯಿ ಜಮಾ ಆಯ್ತು ಅಂತ ಫೋನಿಗೆ ಬರುವ ಮೆಸೇಜ್ ಓದಲು ಹೆಬ್ಬೆಟ್ಟು ಸಾಲೋದಿಲ್ಲ. ರೊಕ್ಕ ಹೆಂಗಸಿನ ಹೆಸರಿಗೆ, ಮೆಸೇಜ್ ಓದೋದು ಗಂಡ ಇಲ್ಲಾ ಮಗ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಕೈಯಿಂದ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ವಿತರಣೆ ಆಯಿತು. ವಿಜಯಪುರ ಸೇರಿ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬ. ತಲೆಮಾರುಗಳ ಮೇಲೆ ಸಿಕ್ಕ ಹಕ್ಕು, ನಿಜವಾದ ಒಳಗೊಳ್ಳುವಿಕೆ ಅಂದರೆ ಇಂಥದ್ದೇ. ಆ ಪತ್ರದಲ್ಲಿ ಜಾಗದ ಅಳತೆ ಎಷ್ಟು, ಚಕ್ಕಬಂದಿ ಏನು ಅಂತ ತಾನೇ ಓದಿಕೊಂಡ ಹೆಣ್ಣುಮಗಳು ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ ಬೇರೆ ರೀತಿಯೇ ಮಾತಾಡ್ತಾಳ.

ಹೀಗೆಲ್ಲ ಹೇಳಿದಾಗ 'ಹಿಂದುಳಿದ ತಾಲೂಕು, ಇಲ್ಲಿ ಓದಿನ ಪರಂಪರೆ ಇಲ್ಲ' ಅನ್ನೋ ಉತ್ತರ ಬರೋದುಂಟು. ಅದು ಸುಳ್ಳು. ಇಂಡಿಗೆ ಹತ್ತಿರದ ಸಾಲೋಟಗಿಯ ಕಂಬದ ಶಾಸನ ನೋಡಿದರೆ ಸಾಕು. ಶಕ ವರ್ಷ 867, ಅಂದರೆ ಕ್ರಿ.ಶ. 945, ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲ. ಆಗ ಈ ಊರಿನ ಹೆಸರು ಪಾವಿಟ್ಟಗೆ. ಮಂತ್ರಿ ನಾರಾಯಣ ಅನ್ನುವವನು ಇಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರ್ತಿದ್ದರು, ಅವರು ಉಳಿಯಲು 27 ಮನೆ. ದೀಪದ ಎಣ್ಣೆ ಖರ್ಚಿಗೇ 12 ನಿವರ್ತನ ಭೂಮಿ, ಮುಖ್ಯ ಗುರುವಿಗೆ 50 ನಿವರ್ತನ. ಇದಕ್ಕಿಂತ ಗಮನಿಸಬೇಕಾದ್ದು ಊರವರ ಪಾಲು. ಮದುವೆ ಆದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದಕ್ಕೂ ಕಡಿಮೆ. ಊರಲ್ಲಿ ಊಟ ಹಾಕಿಸಿದರೆ ಶಾಲೆಯವರಿಗೂ ಉಣಿಸಬೇಕು. ವರ್ಷಕ್ಕೊಂದು ದಿನ ಅಂತ ಇರಲಿಲ್ಲ, ಊರಲ್ಲಿ ಮಂಗಳಕಾರ್ಯ ಆದಾಗಲೆಲ್ಲ ಶಾಲೆಗೆ ಪಾಲು ಹೋಗ್ತಿತ್ತು.

ಹಾಗಂತ ಅದನ್ನು ತಲೆ ಮೇಲೆ ಹೊತ್ತು ಕುಣಿಯೋ ಹಾಗೂ ಇಲ್ಲ. ಅದು ವೇದ ಓದುವವರ ಶಾಲೆ. ದೂರದ ನಾಡಿನ ಹುಡುಗನಿಗೆ ಜಾಗ ಇತ್ತು, ಅದೇ ಊರಿನ ದುಡಿಯುವ ಜಾತಿಯ ಹುಡುಗನಿಗೆ, ಯಾವ ಜಾತಿಯ ಹುಡುಗಿಗೂ ಇರಲಿಲ್ಲ. ಎರಡು ಶತಮಾನ ಆದ ಮ್ಯಾಲೆ ಪಕ್ಕದ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಮತ್ತು ಅವರ ಸಂಗಡಿಗರು ಆ ಬಾಗಿಲನ್ನು ಒದ್ದು ತೆಗೆದರು. ಚಮ್ಮಾರರು, ಅಂಬಿಗರು, ಹೆಣ್ಣುಮಕ್ಕಳು ವಚನ ಹೇಳಿದ್ದು ಆಗ.

ಇನ್ನೊಂದು ಉದಾಹರಣೆ ತೀರಾ ಹತ್ತಿರದ್ದು. ಮೊದಲು ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿ. 1920, 30ರ ದಶಕದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಹಲಸಂಗಿ ಗೆಳೆಯರು ಅಂತ ಹೆಸರಾದರು. ಲಿಂಗಾಯತರು, ಮುಸ್ಲಿಮರು ಒಂದೇ ಚಾಪೆ ಮ್ಯಾಲೆ ಕೂತ ಗುಂಪದು. ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಹಾಡಿದ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ ಇದ್ದಾರು? ಆದರೂ ಕನ್ನಡದ ದೊಡ್ಡ ದೊಡ್ಡ ಸಾಹಿತಿಗಳು ಆ ಪುಸ್ತಕದ ಮುಂದೆ ಕೈಮುಗಿದು ಕೂತರು. ಅನಕ್ಷರಸ್ಥೆ ಅಂದರೆ ಖಾಲಿ ಹಲಗೆ ಅಂತ ತಿಳಿದು ಭಾಷಣ ಮಾಡೋರು ಈ ಪುಸ್ತಕ ಒಮ್ಮೆ ತೆಗೆದು ನೋಡಬೇಕು. ಗೆಳೆಯರು ಹೆಣ್ಣುಮಕ್ಕಳನ್ನು ಸಭೆಗೆ ಕರೆಸಲಿಲ್ಲ, ಅವರು ಬೀಸುವ ಹೊತ್ತಿಗೆ ತಾವು ಹೋದರು. ನಸುಕಿನ ಹೊತ್ತಿಗೆ. ಸಾಕ್ಷರತೆಯ ಇಲಾಖೆಗೆ ಹಲಸಂಗಿಯಿಂದ ಕಲಿಯೋದು ಇಷ್ಟೇ ಇದ್ದರೂ ಸಾಕಷ್ಟು ಆಯ್ತು.

ಹಾಗಾದರೆ ಇಂಡಿಯಲ್ಲಿ ಆಗಬೇಕಾದ್ದೇನು ಅಂದರೆ, ಬಹಳ ರೊಕ್ಕದ ಮಾತೇನೂ ಅಲ್ಲ. ಪರೀಕ್ಷೆ ವಲಸೆ ಹೋಗುವ ಊರುಗಳಿಗಾದರೂ ಅಕ್ಟೋಬರ್‌ಗೆ, ಗ್ಯಾಂಗು ಹೊರಡುವ ಮೊದಲು ಬರಲಿ. ಇಲ್ಲಾ ಮೇ, ಜೂನ್‌ಗೆ ಇರಲಿ, ತಿರುಗಿ ಬಂದು ಕೈ ಖಾಲಿ ಇರುವ ಹೊತ್ತು ಅದು. ಯಾವ ಮನೆಯವರು ಎಲ್ಲಿಗೆ ಹೋಗ್ತಾರೆ, ಎಂದು ಬರ್ತಾರೆ ಅನ್ನುವ ವಹಿ ಗ್ರಾಮ ಪಂಚಾಯಿತಿಯಲ್ಲೇ ಇರಲಿ. ಮುಕಾದಮನ ಹತ್ತಿರ ಇರುವ ಪಟ್ಟಿ ಪಂಚಾಯಿತಿ ಹತ್ತಿರ ಇರದಿದ್ದರೆ ಹೆಂಗ? ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಅಂತ ಹೆಸರು ಹಚ್ಚಿಕೊಂಡಿವೆ, ಸಂಜೆ ಏಳಕ್ಕೆ ದೀಪ ಉರಿದರೆ ತರಗತಿಗೆ ಅಲ್ಲೇ ಜಾಗ ಆದೀತು. ಕಲಿಸುವವರಲ್ಲಿ ತಾಂಡಾದ ಓದಿದ ಹೆಣ್ಣುಮಕ್ಕಳೇ ಇದ್ದರೆ ಗೋರ್‌ಬೋಲಿಯಲ್ಲಿ ಹೇಳಿ ಕನ್ನಡದಲ್ಲಿ ಬರೆಸ್ತಾರೆ. ಅವರಿಗೆ ತಿಂಗಳಿಗೆ ಒಂದಿಷ್ಟು ಕೊಡದೆ ಬರೀ ಪ್ರಮಾಣಪತ್ರ ಕೊಟ್ಟರೆ ಎಷ್ಟು ದಿನ ಬಂದಾರು? ಮತ್ತೆ, ಮೊದಲ ಪಾಠ ಮುಂಗಡದ ಲೆಕ್ಕದ್ದೇ ಆಗಲಿ. ಟನ್, ದರ, ಮುರಿತ, ಬಾಕಿ. ಈ ನಾಲ್ಕು ಪದ ಓದಿ ಬರೆದು ಕಳೆದು ಕೂಡಿಸಲು ಬಂದ ಮೇಲೆ ಅ ಆ ಇ ಈ ತಾನಾಗೇ ಬೆನ್ನು ಹತ್ತಿ ಬರ್ತಾವೆ.

ಇಂಡಿ ಜಿಲ್ಲೆ ಆಗಬೇಕು ಅನ್ನೋ ಬೇಡಿಕೆ ಜೋರಾಗೇ ಇದೆ. ಆದರೆ ಆಗಲಿ. ಹೊಸ ಜಿಲ್ಲೆಯ ಬೋರ್ಡು ಓದಲು ಬರುವವರ ಸಂಖ್ಯೆಯೂ ಅಷ್ಟೇ ಜೋರಿನಲ್ಲಿ ಕೇಳಿಬಂದರೆ ಚಲೋ.

2025ರಲ್ಲಿ ದೀಪಾವಳಿ ಅಕ್ಟೋಬರ್ 20ರಿಂದ 22. ಸೆಪ್ಟೆಂಬರ್ 8ರಂದು ಹೆಸರು ಹಚ್ಚಿದವರಿಗೆ ಅಲ್ಲಿತನಕ ಸಿಕ್ಕಿದ್ದು 42 ಸಂಜೆ. ಮುಕಾದಮರು ಮುಂಗಡ ಹಂಚುವ ಕೆಲಸ ಮಾತ್ರ ಒಂದು ದಿನವೂ ತಡ ಆಗಿಲ್ಲ.